ಮಗಳ ಪಿಎಚ್.ಡಿ., ತಾಯಿಯ ಮಾತ್ರೆ

ಓದುಗರ ಪ್ರಶ್ನೆ: ನಾನು ಬ್ರಹ್ಮಾವರದ ಹತ್ತಿರದ ಹಳ್ಳಿಯಲ್ಲಿರುವ ನಿವೃತ್ತ ಶಾಲಾ ಶಿಕ್ಷಕಿ. ವಯಸ್ಸು 61. ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆ, ಆರು ವರ್ಷಗಳಿಂದ ಬಿ.ಪಿ. ಇದೆ. ಬೆಳಿಗ್ಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ, ರಾತ್ರಿ ಆಮ್ಲೋಡಿಪಿನ್ ತೆಗೆದುಕೊಳ್ಳುತ್ತೇನೆ. ಹೃದಯದ ತೊಂದರೆ ಈವರೆಗೆ ಬಂದಿಲ್ಲ. ಒಬ್ಬಳೇ ಮಗಳು ಮಂಗಳೂರಿನಲ್ಲಿ ಫಾರ್ಮಕಾಲಜಿಯಲ್ಲಿ ಎಂ.ಫಾರ್ಮ್. ಮುಗಿಸುತ್ತಿದ್ದಾಳೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ. ಆದರೆ ಅವಳು ‘ಅಯಾನ್ ಚಾನೆಲ್’ ಎಂಬ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತೇನೆ, ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಇರುವ ನಂಟನ್ನು ಅದರಲ್ಲಿ ಹುಡುಕುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಹಾಗೆಂದರೇನು ಎಂದು ಕೇಳಿದ್ದಕ್ಕೆ ನನ್ನ ಮಾತ್ರೆಯನ್ನೇ ಕೈಯಲ್ಲಿ ಹಿಡಿದು, ‘ಇದು ಮೇದೋಜೀರಕದ ಕಿಂಡಿಗಳನ್ನು ಮುಚ್ಚುತ್ತದೆ ಅಮ್ಮ, ಅಂಥವೇ ಕಿಂಡಿಗಳು ಹೃದಯದಲ್ಲೂ ಇವೆ’ ಎಂದಳು. ಅಂದಿನಿಂದ ಭಯ. ಎರಡು ವಾರಗಳಿಂದ ಆ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದೇನೆ, ಮಗಳಿಗೆ ಹೇಳಿಲ್ಲ. ‘ಪಿಎಚ್.ಡಿ. ಮುಗಿಯುವಾಗ ಮೂವತ್ತು ದಾಟುತ್ತದೆ, ಕೊನೆಗೆ ಮೆಡಿಕಲ್ ಶಾಪಿನಲ್ಲಿ ಕೂರುವುದೇ’ ಎಂದು ನನ್ನ ತಮ್ಮ ಹೇಳುತ್ತಾನೆ. ಇಲಿಗಳನ್ನು ಕೊಲ್ಲುವ ಕೆಲಸವೆಂದೂ, ಈಗ ಎಲ್ಲವನ್ನೂ ಕಂಪ್ಯೂಟರೇ ಮಾಡುವುದರಿಂದ ಇಂಥ ಓದಿಗೆ ಬೆಲೆಯಿಲ್ಲವೆಂದೂ ಕೇಳಿದ್ದೇನೆ. ಅವಳನ್ನು ಕಳುಹಿಸಲೇ? ನನ್ನ ಮಾತ್ರೆ ನಿಲ್ಲಿಸಲೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ದಿನ ಬಿಟ್ಟು ದಿನ ನುಂಗುವುದೂ ಬೇಡ. ನಾಳೆಯೇ ನಿಮ್ಮ ವೈದ್ಯರನ್ನು ಕಂಡು, ಎರಡು ವಾರ ಏನು ಮಾಡಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮಂಗಳೂರಿನ ವೈದ್ಯಕೀಯ ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಫಾರ್ಮಕಾಲಜಿ ಕಲಿಸಿದ ನಾನು ವಾರ್ಡುಗಳಲ್ಲಿ ಒಂದೇ ಬಗೆಯ ಪ್ರಸಂಗವನ್ನು ಮತ್ತೆ ಮತ್ತೆ ಕಂಡಿದ್ದೇನೆ. ರೋಗಿ ಗುಟ್ಟಾಗಿ ಮಾತ್ರೆ ಬಿಡುತ್ತಾರೆ. ರಕ್ತದಲ್ಲಿ ಸಕ್ಕರೆ ಏರುತ್ತದೆ. ಪೂರ್ತಿ ಡೋಸ್ ತೆಗೆದುಕೊಂಡೂ ಏರಿದೆ ಎಂದು ತಿಳಿದ ವೈದ್ಯರು ಡೋಸ್ ಹೆಚ್ಚಿಸುತ್ತಾರೆ. ಮುಂದೊಂದು ದಿನ ರೋಗಿ ಧೈರ್ಯ ಮಾಡಿ ಎಲ್ಲವನ್ನೂ ಚೀಟಿಯಲ್ಲಿ ಬರೆದಂತೆಯೇ ನುಂಗುತ್ತಾರೆ, ಅಂದು ಸಂಜೆ ಸಕ್ಕರೆ ಕುಸಿದು ಎಚ್ಚರ ತಪ್ಪಿ ಆಸ್ಪತ್ರೆಗೆ ಬರುತ್ತಾರೆ.

ಹಾಗೆಂದು ನಿಮ್ಮ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ನಿಮ್ಮ ಮಗಳು ಹೇಳಿದ್ದು ನಿಜ. ಆ ನಿಜದ ಅರ್ಧವನ್ನು ಮಾತ್ರ ಹೇಳಿ ಅವಳು ಎದ್ದು ಹೋಗಿದ್ದಾಳೆ. ಉಳಿದರ್ಧವನ್ನು ನಾನು ಹೇಳುತ್ತೇನೆ. ಅದನ್ನು ಕೇಳಿದ ಮೇಲೆ ಅವಳ ಹಟ ಎಲ್ಲಿಂದ ಹುಟ್ಟಿತೆಂಬುದೂ ನಿಮಗೆ ತಿಳಿಯಬಹುದು.

‘ಕಿಂಡಿ’ ಎಂಬ ಅವಳ ಮಾತು ನನಗೆ ಬಹಳ ಹಿಡಿಸಿತು. ನಿಮ್ಮ ಊರಿನ ಕಡೆ ಹೊಳೆಗೆ ಕಟ್ಟಿದ ಕಿಂಡಿ ಅಣೆಕಟ್ಟನ್ನು ನೀವು ನೋಡಿಯೇ ಇರುತ್ತೀರಿ. ಮಳೆ ನಿಂತ ಮೇಲೆ ಹಲಗೆ ಹಾಕುತ್ತಾರೆ. ಸಮುದ್ರದ ಉಪ್ಪುನೀರು ಒಂದು ಕಡೆ, ಗದ್ದೆಗೆ ಬೇಕಾದ ಸಿಹಿನೀರು ಇನ್ನೊಂದು ಕಡೆ ನಿಲ್ಲುತ್ತದೆ. ಹಲಗೆ ಎತ್ತಿದರೆ ನೀರು ತಾನಾಗಿ ಹರಿಯುತ್ತದೆ, ಯಾರೂ ದೂಡಬೇಕಾಗಿಲ್ಲ. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಪೊರೆಯೂ ಅಂಥದೇ ಒಂದು ಕಟ್ಟೆ. ಒಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗೆ ಸೋಡಿಯಂ ಮತ್ತು ಕ್ಯಾಲ್ಸಿಯಂ ಹೆಚ್ಚು. ಈ ಲವಣಗಳ ವಿದ್ಯುದಂಶವುಳ್ಳ ಕಣಗಳೇ ಅಯಾನುಗಳು. ಅವು ದಾಟುವ ಪ್ರೋಟೀನಿನ ಕಿಂಡಿಗಳೇ ಅಯಾನ್ ಚಾನೆಲ್‌ಗಳು. ಪ್ರತಿಯೊಂದಕ್ಕೂ ತನ್ನದೇ ಹಲಗೆಯಿದೆ. ಕೆಲವು ವಿದ್ಯುತ್ ಒತ್ತಡಕ್ಕೆ ತೆರೆಯುತ್ತವೆ, ಕೆಲವು ಹಾರ್ಮೋನಿಗೆ, ಕೆಲವು ಚರ್ಮವನ್ನು ಅದುಮಿದರೆ. ಹೃದಯ ಬಡಿಯುವುದು, ಇನ್ಸುಲಿನ್ ಸುರಿಯುವುದು, ರಕ್ತನಾಳ ಬಿಗಿಯುವುದು ಎಲ್ಲವೂ ಈ ಹಲಗೆಗಳ ಏರಿಳಿತದಿಂದಲೇ.

ಈಗ ನಿಮ್ಮ ಬೆಳಗಿನ ಮಾತ್ರೆಗೆ ಬರೋಣ. ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಿವೆ. ನೀವು ಉಪವಾಸವಿದ್ದಾಗ ಅವುಗಳ ಪೊಟ್ಯಾಸಿಯಂ ಕಿಂಡಿಗಳು ತೆರೆದಿರುತ್ತವೆ, ಕೋಶ ಸುಮ್ಮನಿರುತ್ತದೆ. ಗಂಜಿಯನ್ನೋ ದೋಸೆಯನ್ನೋ ತಿಂದಾಗ ಗ್ಲೂಕೋಸ್ ಕೋಶದೊಳಗೆ ಹೋಗಿ ಉರಿದು ಎ.ಟಿ.ಪಿ. ಎಂಬ ಶಕ್ತಿಯ ನಾಣ್ಯವಾಗುತ್ತದೆ. ಎ.ಟಿ.ಪಿ. ಹೆಚ್ಚಿದರೆ ಆ ಪೊಟ್ಯಾಸಿಯಂ ಕಿಂಡಿ ಮುಚ್ಚಿಕೊಳ್ಳುತ್ತದೆ. ಆಗ ಕೋಶದ ವಿದ್ಯುತ್ ಮಟ್ಟ ಬದಲಾಗಿ ಪಕ್ಕದ ಕ್ಯಾಲ್ಸಿಯಂ ಕಿಂಡಿ ತೆರೆದು, ಒಳನುಗ್ಗಿದ ಕ್ಯಾಲ್ಸಿಯಂ ಇನ್ಸುಲಿನ್ ಚೀಲಗಳನ್ನು ಒಡೆಯುತ್ತದೆ. ಗ್ಲಿಮೆಪಿರೈಡ್ ಮಾಡುವುದಿಷ್ಟೇ: ಗ್ಲೂಕೋಸಿಗೆ ಕಾಯದೆ ಆ ಪೊಟ್ಯಾಸಿಯಂ ಕಿಂಡಿಯ ಹಲಗೆಯನ್ನು ತಾನೇ ಇಳಿಸುತ್ತದೆ. ರಾತ್ರಿಯ ಆಮ್ಲೋಡಿಪಿನ್ ಕೂಡ ಕಿಂಡಿಯ ಮಾತ್ರೆಯೇ. ಅದು ರಕ್ತನಾಳದ ಗೋಡೆಯ ಕ್ಯಾಲ್ಸಿಯಂ ಕಿಂಡಿಗಳನ್ನು ತಡೆದು ನಾಳವನ್ನು ಸಡಿಲಿಸುತ್ತದೆ. ಅಂದರೆ ನಿಮ್ಮ ಮಗಳು ಓದಲು ಹೊರಟಿರುವ ವಿಷಯವನ್ನು ನೀವು ದಿನಕ್ಕೆ ಎರಡು ಸಲ ನುಂಗುತ್ತಿದ್ದೀರಿ.

ಹೃದಯದ ವಿಚಾರ. ಎ.ಟಿ.ಪಿ.ಗೆ ಮಣಿಯುವ ಈ ಪೊಟ್ಯಾಸಿಯಂ ಕಿಂಡಿ ಮೊದಲು ಕಣ್ಣಿಗೆ ಬಿದ್ದದ್ದೇ ಹೃದಯದಲ್ಲಿ. 1983ರಲ್ಲಿ ಜಪಾನಿನ ಅಕಿನೋರಿ ನೋಮಾ ಅದನ್ನು ಹೃದಯದ ಸ್ನಾಯುಕೋಶದಲ್ಲಿ ಕಂಡರು. ಗ್ಲೂಕೋಸ್ ಅದನ್ನು ಬೀಟಾ ಕೋಶದಲ್ಲಿ ಮುಚ್ಚುತ್ತದೆಂದು 1984ರಲ್ಲಿ ಫ್ರಾನ್ಸೆಸ್ ಆಶ್‌ಕ್ರಾಫ್ಟ್ ಮತ್ತು ಸಂಗಡಿಗರು ತೋರಿಸಿದರು. ಹೃದಯದಲ್ಲಿ ಈ ಕಿಂಡಿ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ರಕ್ತ ಸಾಲದೆ ಹೃದಯ ಬಳಲಿದಾಗ, ಎ.ಟಿ.ಪಿ. ಕುಗ್ಗಿದಾಗ ಅದು ತೆರೆದು ಕೋಶದ ದುಡಿಮೆಯನ್ನು ತಗ್ಗಿಸುತ್ತದೆ. ಬರಗಾಲದಲ್ಲಿ ಮನೆಯ ಖರ್ಚು ತಗ್ಗಿಸುವಂಥ ಉಪಾಯ ಅದು. ಹಾಗಾದರೆ ಸಕ್ಕರೆಯ ಮಾತ್ರೆ ಆ ಕಿಂಡಿಯನ್ನೂ ಮುಚ್ಚಿಬಿಟ್ಟರೆ ಹೃದಯಾಘಾತದ ಹೊತ್ತಿಗೆ ರಕ್ಷಣೆ ತಪ್ಪುವುದಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಇದು ನಿಮ್ಮೊಬ್ಬರ ಭಯವಲ್ಲ. ಕಿಂಡಿಯ ಪತ್ತೆಯೇ ಆಗಿರದ 1970ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು, ಇದೇ ಗುಂಪಿನ ಹಳೆಯ ಮಾತ್ರೆಯಾದ ಟೋಲ್‌ಬ್ಯುಟಮೈಡ್ ತೆಗೆದುಕೊಂಡವರಲ್ಲಿ ಹೃದಯದ ಕಾಯಿಲೆಯಿಂದಾಗುವ ಸಾವು ಹೆಚ್ಚೆಂದು ಹೇಳಿತ್ತು. ಆ ಜಗಳ ದಶಕಗಳ ಕಾಲ ನಡೆಯಿತು.

1995ರ ಸುಮಾರಿಗೆ ಕಿಂಡಿಯ ಜೀನ್‌ಗಳು ಸಿಕ್ಕಾಗ ಒಂದು ಸೂಕ್ಷ್ಮ ತಿಳಿಯಿತು. ಮೇದೋಜೀರಕದಲ್ಲೂ ಹೃದಯದ ಸ್ನಾಯುವಿನಲ್ಲೂ ನೀರು ಹರಿಯುವ ತೂತು ಒಂದೇ, ಹಲಗೆ ಕಾಯುವವನು ಬೇರೆ. ಮಾತ್ರೆ ಅಂಟಿಕೊಳ್ಳುವುದು ಮುಖ್ಯವಾಗಿ ಆ ಕಾಯುವವನಿಗೆ. ಗ್ಲಿಕ್ಲಜೈಡ್‌ನಂಥ ಮಾತ್ರೆಗಳು ಮೇದೋಜೀರಕದವನನ್ನು ಹೆಚ್ಚಾಗಿ ಹಿಡಿಯುತ್ತವೆ. ಗ್ಲಿಬೆನ್‌ಕ್ಲಮೈಡ್ ಇಬ್ಬರನ್ನೂ ಹಿಡಿಯುತ್ತದೆ. ನಿಮ್ಮ ಗ್ಲಿಮೆಪಿರೈಡ್ ಕೂಡ ಪ್ರಯೋಗಾಲಯದ ತಟ್ಟೆಯಲ್ಲಿ ಇಬ್ಬರಿಗೂ ಅಂಟುತ್ತದೆ. ಆದರೆ ತಟ್ಟೆಯಲ್ಲಿ ಕಂಡದ್ದು ಮನುಷ್ಯನಲ್ಲಿ ಏನಾಗುತ್ತದೆಂದು ತಿಳಿಯಲು ಮನುಷ್ಯರನ್ನೇ ವರ್ಷಗಟ್ಟಲೆ ಗಮನಿಸಬೇಕು. 2019ರಲ್ಲಿ ಹೊರಬಂದ ಕ್ಯಾರೊಲಿನಾ ಅಧ್ಯಯನದಲ್ಲಿ, ಹೃದಯದ ಅಪಾಯ ಹೆಚ್ಚಿದ್ದ 6,000ಕ್ಕೂ ಮಿಕ್ಕಿದ ಮಧುಮೇಹಿಗಳನ್ನು ಆರು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಗ್ಲಿಮೆಪಿರೈಡ್ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಹೋಲಿಕೆಯ ಮಾತ್ರೆಯಾದ ಲಿನಾಗ್ಲಿಪ್ಟಿನ್‌ನವರಿಗಿಂತ ಹೆಚ್ಚಾಗಲಿಲ್ಲ. ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 12.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿಯಿದೆ, ನೀವು ಹೆದರಬೇಕಾದ್ದೇನಾದರೂ ಇದ್ದರೆ ಅದಕ್ಕೆ ಹೆದರಿ. ಗ್ಲಿಮೆಪಿರೈಡ್‌ನವರಲ್ಲಿ ನೂರಕ್ಕೆ ಸುಮಾರು 38 ಮಂದಿಗೆ ಒಮ್ಮೆಯಾದರೂ ಸಕ್ಕರೆ ಇರಬೇಕಾದ ಮಟ್ಟಕ್ಕಿಂತ ಕೆಳಗೆ ಇಳಿಯಿತು. ಇನ್ನೊಂದು ಗುಂಪಿನಲ್ಲಿ ಸುಮಾರು 11 ಮಂದಿಗೆ. ಮೇಲೆ ಹೇಳಿದೆನಲ್ಲ, ಮಾತ್ರೆ ಗ್ಲೂಕೋಸಿಗೆ ಕಾಯುವುದಿಲ್ಲ. ನೀವು ಉಣ್ಣಲಿ ಬಿಡಲಿ, ಅದು ಹಲಗೆ ಇಳಿಸಿ ಇನ್ಸುಲಿನ್ ಸುರಿಸುತ್ತದೆ. ನೀವು ಏಕಾದಶಿ ಮಾಡುವವರೋ ಅಲ್ಲವೋ ಪತ್ರದಲ್ಲಿ ಬರೆದಿಲ್ಲ. ಉಡುಪಿ ಕಡೆಯ ನಿಮ್ಮ ವಯಸ್ಸಿನ ಬಹಳ ಮಂದಿ ಮಾಡುತ್ತಾರೆ, ಉಪವಾಸದ ದಿನವೂ ‘ಮಾತ್ರೆ ತಪ್ಪಿಸಬಾರದು’ ಎಂದು ನುಂಗಿಬಿಡುತ್ತಾರೆ. ಅದು ದಿಟವಾದ ಅಪಾಯ. ಬೆವರು, ಕೈನಡುಕ, ಎದೆ ಡವಗುಟ್ಟುವುದು, ಮಾತು ತಡವರಿಸುವುದು ಕಂಡರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಆಮೇಲೆ ಊಟ. ಉಪವಾಸ ಬಿಡಲು ಮನಸ್ಸಿಲ್ಲದಿದ್ದರೆ ಅಂದಿನ ಡೋಸಿನ ವಿಷಯವನ್ನು ಮೊದಲೇ ವೈದ್ಯರೊಡನೆ ಮಾತಾಡಿಕೊಳ್ಳಿ. ಹೃದಯದ ಚಿಂತೆ ಇನ್ನೂ ಕಾಡುತ್ತಿದ್ದರೆ ಅದನ್ನೂ ಅವರಲ್ಲಿ ಬಾಯಿಬಿಟ್ಟು ಕೇಳಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಇಂದು ಬೇರೆ ಗುಂಪಿನ ಮಾತ್ರೆಗಳನ್ನು ಮುಂದಿಡುತ್ತಾರೆ, ನಿಮಗೆ ಅದು ಬೇಕೇ ಎಂದು ಅವರು ನೋಡಲಿ. ಆಮ್ಲೋಡಿಪಿನ್‌ನಿಂದ ಪಾದದ ಗಂಟು ಊದಿಕೊಳ್ಳುವುದುಂಟು. ಹಾಗಾದರೆ ಅದನ್ನೂ ಹೇಳಿ.

ಕಿಂಡಿಯ ಲೆಕ್ಕಾಚಾರ ಮನುಷ್ಯನಲ್ಲಿ ತಲೆಕೆಳಗಾದ ಉದಾಹರಣೆಯನ್ನೂ ಹೇಳಬೇಕು, ಏಕೆಂದರೆ ನಿಮ್ಮ ಮಗಳ ವೃತ್ತಿಯ ತಿರುಳು ಅದರಲ್ಲಿದೆ. ಹೃದಯಾಘಾತವಾದವರಲ್ಲಿ ನಡುನಡುವೆ ತಪ್ಪು ಬಡಿತಗಳು ಬರುತ್ತವೆ. ಸೋಡಿಯಂ ಕಿಂಡಿಯನ್ನು ತಡೆಯುವ ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳು ಆ ಬಡಿತಗಳನ್ನು ಚೆನ್ನಾಗಿ ಅಡಗಿಸುತ್ತಿದ್ದವು. ತಪ್ಪು ಬಡಿತ ಅಡಗಿದರೆ ಸಾವು ತಪ್ಪುತ್ತದೆ ಎಂದು ಎಲ್ಲರೂ ನಂಬಿದ್ದರು. 1989ರಲ್ಲಿ ಕ್ಯಾಸ್ಟ್ ಎಂಬ ಪರೀಕ್ಷೆಯ ಫಲ ಬಂದಾಗ, ಔಷಧವೇ ಇಲ್ಲದ ಹುಸಿಗುಳಿಗೆ ನುಂಗಿದವರಿಗಿಂತ ಈ ಔಷಧ ನುಂಗಿದವರೇ ಹೆಚ್ಚು ಸತ್ತಿದ್ದರು. ನಾನು ಆಗ ಎಳೆಯ ಅಧ್ಯಾಪಕ. ಅದರ ಹಿಂದಿನ ವರ್ಷವಷ್ಟೇ ಇದೇ ಔಷಧಗಳನ್ನು ಭರವಸೆಯ ಮಾತುಗಳಲ್ಲಿ ತರಗತಿಯಲ್ಲಿ ಕಲಿಸಿದ್ದೆ. ಆ ಪಾಠವನ್ನು ಮರುವರ್ಷ ತಿದ್ದಿ ಕಲಿಸುವಾಗ ನನ್ನ ದನಿ ನಡುಗಿದ್ದು ಇಂದಿಗೂ ನೆನಪಿದೆ. ಕಿಂಡಿಯೊಂದನ್ನು ಮುಚ್ಚುವುದು ಗೊತ್ತಿದ್ದರೆ ಸಾಲದು, ಮುಚ್ಚಿದ ಮೇಲೆ ಇಡೀ ಹೊಳೆ ಎತ್ತ ತಿರುಗುತ್ತದೆಂದು ತಿಳಿಯಬೇಕು. ಅದನ್ನು ತಿಳಿಯುವವರೇ ಫಾರ್ಮಕಾಲಜಿಯವರು.

ಆದ್ದರಿಂದ ನಿಮ್ಮ ತಮ್ಮನವರಿಗೆ ಮೊದಲು ಹೇಳಬೇಕಾದ್ದು: ಔಷಧ ಅಂಗಡಿ ನಡೆಸುವುದು ಫಾರ್ಮಸಿ, ಔಷಧ ದೇಹದಲ್ಲಿ ಏನು ಮಾಡುತ್ತದೆಂದು ಹುಡುಕುವುದು ಫಾರ್ಮಕಾಲಜಿ. ಅಂಗಡಿಯ ಕೆಲಸ ಕೀಳಲ್ಲ. ಡೋಸ್ ತಪ್ಪಿದ್ದನ್ನು ಹಿಡಿದು ಜೀವ ಉಳಿಸಿದ ಫಾರ್ಮಸಿಸ್ಟರನ್ನು ಬಲ್ಲೆ. ಆದರೆ ಅವಳು ಆರಿಸಿಕೊಂಡಿರುವುದು ಬೇರೆ.

ಈ ಕೆಲಸ ದಿನನಿತ್ಯ ಹೇಗಿರುತ್ತದೆ? ಮಲ್ಪೆ ಬಂದರಿನಲ್ಲಿ ಬೊಂಡಾಸ್ (ಸ್ಕ್ವಿಡ್) ಬುಟ್ಟಿಗಳನ್ನು ನೋಡಿದ್ದೀರಲ್ಲ. ಆ ಜಾತಿಯ ಜೀವಿಯೊಂದರ ದಪ್ಪ ನರತಂತುವಿನಲ್ಲೇ ಇಂಗ್ಲೆಂಡಿನ ಹಾಜ್‌ಕಿನ್ ಮತ್ತು ಹಕ್ಸ್‌ಲಿ, ಸೋಡಿಯಂ ಒಳಹರಿದು ಪೊಟ್ಯಾಸಿಯಂ ಹೊರಹರಿಯುವುದರಿಂದ ನರದ ಸಂಕೇತ ಹುಟ್ಟುತ್ತದೆಂದು 1952ರಲ್ಲಿ ಲೆಕ್ಕ ಸಮೇತ ತೋರಿಸಿದರು. ನೋಡಲು ಅರ್ಧದಿಂದ ಒಂದು ಮಿಲಿಮೀಟರ್ ದಪ್ಪದ ನರ ಸಿಕ್ಕಿದ್ದು ಅವರ ಪುಣ್ಯ. ಒಂದೊಂದೇ ಕಿಂಡಿಯನ್ನು ಕೇಳಿಸಿಕೊಳ್ಳುವ ವಿಧಾನ ಬಂದದ್ದು 1976ರಲ್ಲಿ, ಜರ್ಮನಿಯ ನೇಹರ್ ಮತ್ತು ಸಕ್‌ಮನ್ ಅವರಿಂದ. ಪ್ಯಾಚ್ ಕ್ಲ್ಯಾಂಪ್ ಎಂಬ ಆ ವಿಧಾನಕ್ಕೆ 1991ರಲ್ಲಿ ನೊಬೆಲ್ ಬಂತು. ಒಂದು ಮೈಕ್ರೋಮೀಟರಿನಷ್ಟು, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು, ಸಣ್ಣ ಬಾಯಿಯ ಗಾಜಿನ ನಳಿಗೆಯನ್ನು ಕೋಶಕ್ಕೆ ತಾಗಿಸಿ, ಮೆಲ್ಲನೆ ಉಸಿರೆಳೆದು, ಪೊರೆಯನ್ನು ಗಾಜಿಗೆ ಬಿಗಿಯಾಗಿ ಅಂಟಿಸಬೇಕು. ಅಂಟಿದರೆ ಕಿಂಡಿ ತೆರೆದು ಮುಚ್ಚುವುದು ಪರದೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಆ ವಿದ್ಯುತ್ತು ಒಂದು ಆಂಪಿಯರಿನ ಲಕ್ಷ ಕೋಟಿಯಲ್ಲಿ ಒಂದೆರಡು ಪಾಲು ಅಷ್ಟೇ, ಆದರೂ ಅಂಥ ಒಂದು ಪಾಲೆಂದರೆ ಸೆಕೆಂಡಿಗೆ ಸುಮಾರು 62 ಲಕ್ಷ ಅಯಾನುಗಳು.

ಮೊದಲ ಸಲ ಆ ಮೆಟ್ಟಿಲುಗಳನ್ನು ಕಂಡ ರಾತ್ರಿಯನ್ನು ನಾನು ಮರೆತಿಲ್ಲ. ಒಂದೇ ಒಂದು ಅಣು ತನ್ನ ಬಾಗಿಲು ತೆರೆಯುವುದನ್ನು ನನ್ನ ಕಣ್ಣಾರೆ ನೋಡಿದ್ದೆ. ಆದರೆ ಆ ರಾತ್ರಿಗೆ ಮುಂಚೆ ಐದು ತಿಂಗಳು ಏನೂ ಸಿಕ್ಕಿರಲಿಲ್ಲ, ಅದನ್ನು ಮರೆಸಿ ಹೇಳಿದರೆ ನಿಮಗೆ ಮೋಸ ಮಾಡಿದಂತೆ. ನಮ್ಮ ಕರಾವಳಿಯಲ್ಲಿ ಈ ಕೆಲಸಕ್ಕೆ ತನ್ನದೇ ಕಷ್ಟಗಳಿವೆ. ಆಷಾಢದ ತೇವ ಎಲೆಕ್ಟ್ರೋಡುಗಳಿಗೆ ಹಿಡಿಯುತ್ತದೆ, ಉಪ್ಪುಗಾಳಿ ತಿರುಪುಗಳನ್ನು ತಿನ್ನುತ್ತದೆ, ಕೆಳಗಿನ ರಸ್ತೆಯಲ್ಲಿ ಬಸ್ ಹೋದರೆ ನಳಿಗೆ ಅಲುಗಿ ಬೆಳಗಿನಿಂದ ಕಾದ ಕೋಶ ಕೈತಪ್ಪುತ್ತದೆ. ಗುಡುಗಿನ ದಿನ ಕರೆಂಟ್ ಹೋದರೆ ಅಂದಿನ ಪ್ರಯೋಗವೇ ಮುಗಿಯಿತು.

ಇಷ್ಟು ತಾಳ್ಮೆಗೆ ಫಲವೇನು ಎಂದು ಕೇಳುವ ಹಕ್ಕು ತಾಯಿಗೆ ಇದೆ. ನಿಮ್ಮ ಮಾತ್ರೆಯ ಕಥೆಯನ್ನೇ ನೋಡಿ. 1942ರಲ್ಲಿ ಫ್ರಾನ್ಸಿನಲ್ಲಿ ವಿಷಮಶೀತ ಜ್ವರಕ್ಕೆ ಸಲ್ಫಾ ಗುಂಪಿನ ಹೊಸ ಔಷಧ ಕೊಟ್ಟಾಗ ರೋಗಿಗಳ ಸಕ್ಕರೆ ವಿಪರೀತ ಇಳಿಯಿತು. ಅದನ್ನು ಬೆನ್ನು ಹತ್ತಿದ ಲೂಬತಿಯೇರ್ ಎಂಬ ವಿಜ್ಞಾನಿ ಅದು ಮೇದೋಜೀರಕವನ್ನು ಕೆಣಕುತ್ತದೆಂದು ತೋರಿಸಿದರು. 1950ರ ದಶಕದಲ್ಲೇ ಈ ಗುಂಪಿನ ಮಾತ್ರೆ ಬಳಕೆಗೆ ಬಂತು, ಅದು ಮುಚ್ಚುವ ಕಿಂಡಿ ಪತ್ತೆಯಾದದ್ದು 1980ರ ದಶಕದಲ್ಲಿ. ಆಗ ‘ಮಾತ್ರೆ ಹೇಗೂ ಕೆಲಸ ಮಾಡುತ್ತಿದೆ, ಕಿಂಡಿ ಗೊತ್ತಾಗಿ ಏನಾಗಬೇಕು’ ಎಂದು ಯಾರಾದರೂ ಕೇಳಿದ್ದರೆ ಆಶ್‌ಕ್ರಾಫ್ಟ್ ಅವರಲ್ಲೂ ತಕ್ಷಣಕ್ಕೆ ಉತ್ತರ ಇರುತ್ತಿರಲಿಲ್ಲ. ಉತ್ತರ ಬರಲು ಇಪ್ಪತ್ತು ವರ್ಷ ಹಿಡಿಯಿತು. ಹುಟ್ಟಿದ ಆರು ತಿಂಗಳೊಳಗೇ ಮಧುಮೇಹ ಬರುವ ಕೂಸುಗಳಿವೆ. ಅವಕ್ಕೆ ಜೀವಮಾನವಿಡೀ ಇನ್ಸುಲಿನ್ ಚುಚ್ಚುವುದೊಂದೇ ದಾರಿ ಎಂದುಕೊಂಡಿದ್ದರು. 2004ರಲ್ಲಿ, ಅಂಥ ಹಲವು ಮಕ್ಕಳಲ್ಲಿ ಇದೇ ಪೊಟ್ಯಾಸಿಯಂ ಕಿಂಡಿಯ ಜೀನ್ ಕೆಟ್ಟು ಹಲಗೆ ಇಳಿಯುವುದೇ ಇಲ್ಲವೆಂದು ಗೊತ್ತಾಯಿತು. ಹಾಗಾದರೆ ಹಲಗೆ ಇಳಿಸುವ ಮಾತ್ರೆ ನಮ್ಮಲ್ಲಿ ಇದ್ದೇ ಇದೆಯಲ್ಲ! 2006ರ ಅಧ್ಯಯನದಲ್ಲಿ ಅಂಥ 49 ಮಂದಿಗೆ ಮಾತ್ರೆ ಕೊಟ್ಟು ನೋಡಿದರು, 44 ಮಂದಿ ಇನ್ಸುಲಿನ್ ಚುಚ್ಚುಮದ್ದನ್ನು ಪೂರ್ತಿ ಬಿಟ್ಟರು. ನಿಮ್ಮ ಮಾತ್ರೆಯ ಒಡಹುಟ್ಟು ಅದು. ಈ ಕಥೆಯನ್ನು ತರಗತಿಯಲ್ಲಿ ಹೇಳುವಾಗ ಪ್ರತಿ ವರ್ಷವೂ ಯಾರೋ ಒಬ್ಬ ಹುಡುಗಿಯೋ ಹುಡುಗನೋ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡುತ್ತಿದ್ದರು. ನಿಮ್ಮ ಮಗಳೂ ಎಲ್ಲೋ ಹಾಗೆ ತಲೆಯೆತ್ತಿದ್ದಾಳೆ.

ಇಲಿಗಳ ವಿಷಯವನ್ನು ನಾನು ಮೃದುಮಾಡಿ ಹೇಳುವುದಿಲ್ಲ. ಹೃದಯದ ಕೋಶ ಬೇಕೆಂದರೆ ಇಲಿಯ ಹೃದಯ ತೆಗೆಯಬೇಕಾಗುತ್ತದೆ, ಅದು ಕೊಲ್ಲುವುದೇ. ನನ್ನ ಮೊದಲ ದಿನ ಊಟ ಸೇರಲಿಲ್ಲ. ಅದಕ್ಕೆ ಕಾನೂನಿನ ಹಿಡಿತವಿದೆ: ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ, ಎಷ್ಟು ಪ್ರಾಣಿ, ಏಕೆ, ನೋವಿಲ್ಲದಂತೆ ಹೇಗೆ ಎಂದು ಮೊದಲೇ ಬರೆದುಕೊಡಬೇಕು. ಜೊತೆಗೆ ಇಂದು ಈ ಕ್ಷೇತ್ರದ ಬಹಳಷ್ಟು ಕೆಲಸ ಮನುಷ್ಯನ ಕಿಂಡಿಯ ಜೀನ್ ಸೇರಿಸಿ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ, ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಕಾಂಡಕೋಶಗಳಿಂದ ಬೆಳೆಸಿ ತಟ್ಟೆಯಲ್ಲೇ ಮಿಡಿಯುವ ಹೃದಯಕೋಶಗಳಲ್ಲಿ ನಡೆಯುತ್ತದೆ. ಪ್ರಾಣಿ ಬೇಡವೆನ್ನುವವಳು ಅಂಥ ಪ್ರಯೋಗಾಲಯವನ್ನೇ ಹುಡುಕಬಹುದು. ಈ ಪ್ರಶ್ನೆಯನ್ನು ಸೇರುವ ಮೊದಲೇ ಅವಳು ತನ್ನಲ್ಲಿ ತೀರ್ಮಾನಿಸಿಕೊಳ್ಳಬೇಕು. ಎರಡನೆಯ ವರ್ಷದಲ್ಲಿ ಮನಸ್ಸು ಮುರಿದು ಬಿಟ್ಟುಹೋದವರನ್ನು ಕಂಡಿದ್ದೇನೆ.

ಕಂಪ್ಯೂಟರ್ ಪ್ರೋಟೀನಿನ ಆಕಾರವನ್ನು ಊಹಿಸುವುದು ನಿಜ, 2024ರ ರಸಾಯನಶಾಸ್ತ್ರದ ನೊಬೆಲ್ ಆ ಕೆಲಸಕ್ಕೂ ಸಂದಿದೆ. ಆದರೆ ಕಿಂಡಿಯ ಚಿತ್ರ ಒಂದು, ಅದು ರೋಗಿಯ ಕೋಶದಲ್ಲಿ ಎಷ್ಟು ಹೊತ್ತು ತೆರೆದಿರುತ್ತದೆಂಬ ಅಳತೆ ಇನ್ನೊಂದು. ಅಳೆಯುವ ಕೈಗೆ ಕೆಲಸ ಕಡಿಮೆಯಾಗಿಲ್ಲ. ಅವಳು ಸ್ವಲ್ಪ ಪ್ರೋಗ್ರಾಮಿಂಗ್ ಕಲಿತರೆ ಒಳ್ಳೆಯದು, ಅಷ್ಟೇ.

ಇನ್ನು ಹಣ ಮತ್ತು ವಯಸ್ಸು. ರಾಷ್ಟ್ರಮಟ್ಟದ ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಫೆಲೋಶಿಪ್, ಅಂದರೆ ಸಂಶೋಧನಾ ವೇತನ, ಗೆದ್ದರೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. ಒಬ್ಬಳ ಜೀವನಕ್ಕೆ ಸಾಕು, ಸಾಲ ತೀರಿಸಲು ಸಾಲದು. ಫೆಲೋಶಿಪ್ ಇಲ್ಲದೆ, ಖಾಸಗಿ ಸಂಸ್ಥೆ ಕೊಡುವ ಅಲ್ಪ ಭತ್ಯೆಯನ್ನು ನಂಬಿ ಸೇರುವುದನ್ನು ನಾನು ಬೇಡವೆನ್ನುತ್ತೇನೆ. ಪಿಎಚ್.ಡಿ.ಗೆ ಐದು ವರ್ಷ ಹಿಡಿಯಬಹುದು, ಬಳಿಕ ಎರಡು ಮೂರು ವರ್ಷ ಹೊರಗೆಲ್ಲೋ ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನಾ ಕೆಲಸ, ಸ್ವಂತ ಪ್ರಯೋಗಾಲಯ ಸಿಗುವಾಗ ಮೂವತ್ತಮೂರು ಮೂವತ್ತನಾಲ್ಕು. ನಿಮ್ಮ ತಮ್ಮನ ಲೆಕ್ಕ ತಪ್ಪಲ್ಲ. ವೈದ್ಯಕೀಯ ಕಾಲೇಜುಗಳ ಫಾರ್ಮಕಾಲಜಿ ವಿಭಾಗಗಳಲ್ಲಿ ಎಂ.ಡಿ. ಆದವರಿಗೇ ಆದ್ಯತೆ, ಆದ್ದರಿಂದ ಅವಳಿಗೆ ತೆರೆದಿರುವುದು ಫಾರ್ಮಸಿ ಕಾಲೇಜು, ಸಂಶೋಧನಾ ಸಂಸ್ಥೆ, ಔಷಧ ಕಂಪನಿ. ಕಂಪನಿಯಲ್ಲಿ ಈ ವಿದ್ಯೆಗೆ ಬೆಲೆಯಿರಲು ಗಟ್ಟಿಯಾದ ಕಾರಣವಿದೆ. ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಡಿನ್ ಹೃದಯದ ಹೆರ್ಗ್ ಎಂಬ ಪೊಟ್ಯಾಸಿಯಂ ಕಿಂಡಿಯನ್ನು ತಡೆದು ಕೆಲವರ ಜೀವ ತೆಗೆದ ಮೇಲೆ 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು. ಅಂದಿನಿಂದ ಹೊಸ ಔಷಧಗಳನ್ನು ಮನುಷ್ಯರಿಗೆ ಕೊಡುವ ಮುಂಚೆ ಆ ಕಿಂಡಿಯ ಮೇಲೆ ಪರೀಕ್ಷಿಸುವುದು ರೂಢಿಯಾಗಿದೆ. ಬೆಂಗಳೂರು, ಹೈದರಾಬಾದಿನ ಪ್ರಯೋಗಾಲಯಗಳಿಗೆ ಅದನ್ನು ಬಲ್ಲವರು ಬೇಕು.

ಮದುವೆಯ ಬಗ್ಗೆ ನೀವು ಕೇಳಲಿಲ್ಲ, ಸಾಲುಗಳ ನಡುವೆ ಇದ್ದದ್ದನ್ನು ಓದಿಕೊಂಡೆ. ಪಿಎಚ್.ಡಿ. ನಡುವೆ ಮದುವೆಯಾಗಿ, ಮಗು ಹೆತ್ತು, ಪದವಿ ಮುಗಿಸಿದ ನನ್ನ ವಿದ್ಯಾರ್ಥಿನಿಯರು ಮೂವರು. ಮೂವರಿಗೂ ತವರಿನ ಆಸರೆ ಇತ್ತು.

ನನ್ನ ಸಲಹೆ ಕೇಳಿದರೆ, ‘ಪಿಎಚ್.ಡಿ.ಯೋ ಕಂಪನಿಯೋ’ ಎಂಬ ಪ್ರಶ್ನೆಗಿಂತ ‘ಯಾರ ಕೈಕೆಳಗೆ, ಯಾವ ಪ್ರಯೋಗಾಲಯದಲ್ಲಿ’ ಎಂಬ ಪ್ರಶ್ನೆ ದೊಡ್ಡದು. ನಾನು ಮೊದಲು ಸೇರಿದ ಸಂಸ್ಥೆಯಲ್ಲಿ ಉಪಕರಣ ಬಂದು ಹದಿನಾಲ್ಕು ತಿಂಗಳು ಪೆಟ್ಟಿಗೆಯಲ್ಲೇ ಇತ್ತು, ಏಕೆಂದರೆ ಅದನ್ನಿಡುವ ಕೋಣೆಯ ಅರ್ಥಿಂಗ್ ಕೆಲಸಕ್ಕೆ ಮಂಜೂರಾತಿ ಸಿಗಲಿಲ್ಲ. ಮಾರ್ಗದರ್ಶಕರು ಒಳ್ಳೆಯವರು, ಆದರೆ ಜಗಳವಾಡುವ ಸ್ವಭಾವ ಅವರದ್ದಲ್ಲ. ನನ್ನ ಪ್ರಾಯದ ಒಂದು ವರ್ಷಕ್ಕೂ ಹೆಚ್ಚು ಆ ಪೆಟ್ಟಿಗೆಯ ಮುಂದೆ ಕಳೆಯಿತು. ಆದ್ದರಿಂದ ನಿಮ್ಮ ಮಗಳು ಸೇರಬೇಕೆಂದಿರುವಲ್ಲಿಗೆ, ಅದು ಮಣಿಪಾಲವಾಗಲಿ ದೇರಳಕಟ್ಟೆಯಾಗಲಿ ಬೆಂಗಳೂರಾಗಲಿ, ಸಂದರ್ಶನದ ದಿನ ಬಿಟ್ಟು ಇನ್ನೊಂದು ಸಾಮಾನ್ಯ ದಿನ ಹೋಗಿ ನೋಡಲಿ. ಪ್ಯಾಚ್ ಕ್ಲ್ಯಾಂಪ್ ಉಪಕರಣ ಓಡುತ್ತಿದೆಯೇ, ಈ ತಿಂಗಳು ಸಿಕ್ಕ ದಾಖಲೆ ತೋರಿಸುತ್ತಾರೆಯೇ? ಈ ಮಾರ್ಗದರ್ಶಕರಲ್ಲಿ ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಎಷ್ಟು ವರ್ಷದಲ್ಲಿ? ಫೆಲೋಶಿಪ್ ಅವಧಿ ಮುಗಿದರೆ ಉಳಿದ ತಿಂಗಳುಗಳಿಗೆ ಹಣ ಎಲ್ಲಿಂದ? ಹಿರಿಯ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ, ಮಾರ್ಗದರ್ಶಕರಿಲ್ಲದಾಗ, ಚಹಾ ಕುಡಿಯುತ್ತಾ ಕೇಳಲಿ. ಅವರು ಮಾತು ತಿರುಗಿಸಿದರೆ ಅದೂ ಉತ್ತರವೇ.

ಅಂಥ ಜಾಗ ಸಿಕ್ಕಿ ಫೆಲೋಶಿಪ್ಪೂ ಕೈಯಲ್ಲಿದ್ದರೆ ಕಳುಹಿಸಿ, ತಡಮಾಡಬೇಡಿ. ಫೆಲೋಶಿಪ್ ಇನ್ನೂ ಸಿಕ್ಕಿಲ್ಲವಾದರೆ ನನಗೆ ಹೆಚ್ಚು ಹಿತವೆನಿಸುವುದು ನಡುವಿನ ದಾರಿ: ಕಿಂಡಿಗಳ ಮೇಲೆ ಕೆಲಸ ಮಾಡುವ ಯಾವುದಾದರೂ ಪ್ರಾಜೆಕ್ಟಿನಲ್ಲಿ ಒಂದು ವರ್ಷ ಸಹಾಯಕಿಯಾಗಿ ದುಡಿಯುವುದು. ನಳಿಗೆ ಹಿಡಿದ ಕೈ ಅವಳದ್ದೋ ಅಲ್ಲವೋ ಆರು ತಿಂಗಳಲ್ಲಿ ಅವಳಿಗೇ ಗೊತ್ತಾಗುತ್ತದೆ, ಜೊತೆಗೆ ನೆಟ್ ಪರೀಕ್ಷೆಗೂ ಓದಬಹುದು. ಇದರ ಅಪಾಯವೆಂದರೆ ಪ್ರಾಜೆಕ್ಟು ನಡುವಿನಲ್ಲೇ ನಿಲ್ಲಬಹುದು, ಒಂದು ವರ್ಷ ಎರಡಾಗಬಹುದು. ಗಡುವನ್ನು ಮೊದಲೇ ಹಾಕಿಕೊಳ್ಳಲಿ. ಈಗ ಸಿಕ್ಕಿರುವ ಕಂಪನಿಯ ಕೆಲಸ ಯಾವ ವಿಭಾಗದ್ದೆಂದು ನೀವು ಬರೆದಿಲ್ಲ. ಔಷಧಗಳ ಹೃದಯ ಸುರಕ್ಷತೆಯ ಪ್ರಯೋಗಾಲಯವಾದರೆ ಅದನ್ನು ಬಿಡುವ ಮುಂಚೆ ಎರಡು ಸಲ ಯೋಚಿಸಲಿ, ಏಕೆಂದರೆ ಅದೂ ಕಿಂಡಿಯ ಕೆಲಸವೇ, ಅಲ್ಲಿಂದ ಪಿಎಚ್.ಡಿ.ಗೆ ಬಂದವರಿದ್ದಾರೆ. ಅಡ್ಡಪರಿಣಾಮಗಳ ವರದಿಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸವಾದರೆ ಸಂಬಳ ಸ್ಥಿರ, ಆದರೆ ಎರಡು ವರ್ಷ ಕಳೆದ ಮೇಲೆ ಪ್ರಯೋಗಾಲಯಕ್ಕೆ ಮರಳುವುದು ಕಷ್ಟ. ವಿದೇಶದ ಪಿಎಚ್.ಡಿ. ಚೆನ್ನಾಗಿರುತ್ತದೆ, ಪೂರ್ತಿ ವೇತನ ಕೊಡುವ ಕಡೆ ಮಾತ್ರ ಅರ್ಜಿ ಹಾಕಲಿ, ಅದಕ್ಕಾಗಿ ಮನೆ ಅಡವಿಡಬೇಡಿ.

ಒಂದು ಮಾತು ಅವಳಿಗೂ ಇದೆ, ಇದನ್ನು ಅವಳಿಗೆ ಓದಿಸಿ. ‘ಇದು ಹೃದಯದ ಕಿಂಡಿಯನ್ನೂ ಮುಚ್ಚಬಹುದು’ ಎಂದು ಮಾತ್ರೆ ನುಂಗುವವರ ಮುಂದೆ ಹೇಳಿದರೆ, ಅಂಥವರಲ್ಲಿ ಏನಾಯಿತೆಂಬ ಅಂಕಿಯನ್ನು ಅದೇ ಉಸಿರಿನಲ್ಲಿ ಹೇಳಬೇಕು. ಮುಂದೆ ಅವಳು ಸಾವಿರ ಜನರಿಗೆ ಔಷಧದ ಬಗ್ಗೆ ಹೇಳುವವಳು. ಈ ಎರಡು ವಾರ ನೀವು ಏನು ಮಾಡಿದಿರೆಂಬುದು ಅವಳಿಗೆ ನಿಮ್ಮಿಂದಲೇ ಗೊತ್ತಾಗಲಿ. ಬೈಯಲು ಹೇಳುತ್ತಿಲ್ಲ. ನಾಳೆ ವೈದ್ಯರಲ್ಲಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ಹಾಕಿಕೊಳ್ಳುವ ಎಲ್ಲ ಮಾತ್ರೆಗಳನ್ನೂ, ಕಷಾಯ ಚೂರ್ಣ ಇದ್ದರೆ ಅವನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಕಳೆದ ಸಲ ಎಂದು ಆಯಿತೋ ನೋಡಿಟ್ಟುಕೊಳ್ಳಿ. ಪಂಚಾಂಗದಲ್ಲಿ ಮುಂದಿನ ಏಕಾದಶಿ ಯಾವ ದಿನವೆಂದು ನೋಡಿ, ಆ ದಿನಾಂಕವನ್ನೂ ಅವರ ಮುಂದೆ ಹೇಳಿ.